ಬಣ್ಣದಮ್ಮ ನೀರು ತಿಳಿ ಮಾಡಿದ್ದು

ಆಕೆಯ ಕೈ ನೋಡಿದರೆ ಸಾಕು, ಅಂದು ಯಾವ ಬಣ್ಣ ಅದ್ದಿದ್ದಾಳೆಂದು ಇಡೀ ಬೀದಿಗೆ ತಿಳಿಯುತ್ತಿತ್ತು. ಮದುವೆ ಮನೆಗೆ ಹೋದರೂ ಉಗುರಿನ ಸಂದಿಯ ಹಸಿರು ಹೋಗುತ್ತಿರಲಿಲ್ಲ. ಹೆತ್ತವರು ಇಟ್ಟ ಹೆಸರು ಹಿಂದೆ ಸರಿದು, ಆಕೆ ಎಲ್ಲರ ಬಾಯಲ್ಲೂ ಬಣ್ಣದಮ್ಮ ಆದಳು.

ಗಂಡ ತೀರಿಕೊಂಡ ಮೇಲೆ ಹಿತ್ತಲಿನ ತೊಟ್ಟಿಗಳನ್ನೂ ಚಿಕ್ಕ ಮಗನನ್ನೂ ಒಬ್ಬಳೇ ನೋಡಿಕೊಂಡಳು. ನೇಕಾರರು ತಂದುಕೊಟ್ಟ ನೂಲಿನ ಲಡಿಗಳನ್ನು ಬಿಸಿ ಬಣ್ಣದಲ್ಲಿ ಅದ್ದಿ, ಹಿಂಡಿ, ಒಣಗಿಸಿ ಕೊಡುವುದು ಕೆಲಸ. ಉಳಿದ ನೀರು ಚರಂಡಿ ಹಿಡಿದು ಹಳ್ಳ ಸೇರುತ್ತಿತ್ತು. ಬೀದಿಯ ಬಣ್ಣದ ಮನೆಗಳೆಲ್ಲ ಮಾಡುತ್ತಿದ್ದದ್ದೂ ಅದನ್ನೇ. ಹಳ್ಳ ಒಂದು ದಿನ ಕೆಂಪಾಗಿ, ಮರುದಿನ ನೇರಳೆಯಾಗಿ ಹರಿಯುತ್ತಿತ್ತು. ಕೆಳಗಡೆ ತರಕಾರಿ ಬೆಳೆಯುವವರು ಆ ನೀರು ಹಾಯಿಸುವುದನ್ನೇ ಬಿಟ್ಟಿದ್ದರು.

ಮಗ ಮೆಚ್ಚಿ ಮದುವೆಯಾದ ಹುಡುಗಿ ಊರಾಚೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ಕೊಳೆನೀರು ಶುದ್ಧಿ ಮಾಡುವುದೇ ಅವಳು ಓದಿದ ವಿಷಯ. ಮನೆಗೆ ಬಂದ ಹೊಸತರಲ್ಲೇ ಬಾಟಲಿ ಹಿಡಿದು ಚರಂಡಿಯ ಬಾಯಲ್ಲಿ ಕೂತಳು.

"ಏನೇ ಅದು? ನಮ್ಮನೆ ಕೊಳೆ ತಗೊಂಡೋಗಿ ಊರಿಗೆಲ್ಲ ತೋರಿಸ್ತೀಯಾ?" ಎಂದಳು ಬಣ್ಣದಮ್ಮ.

"ಅದು ದಿನಾ ತಾನೇ ಹೋಗಿ ಊರಿಗೆಲ್ಲ ಮುಖ ತೋರಿಸ್ಕೊಂಡು ಬರ್ತಿದೆ ಅತ್ತೆ," ಎಂದಳು ಸೊಸೆ.

ಬಣ್ಣದಮ್ಮ ಮುಖ ಊದಿಸಿಕೊಂಡು ಮಾತು ಬಿಟ್ಟಳು. ಆದರೆ ಆ ಮಾತು ಒಳಗೇ ಕೊರೆಯುತ್ತಿತ್ತು. ಕೊನೆಗೆ ಅವಳೇ ಮೆತ್ತಗೆ ಕೇಳಿದಳು: "ಹೌದೂ, ಆ ನೀರನ್ನ ತಿಳಿ ಮಾಡಕ್ಕಾಗುತ್ತಾ?"

ಸೊಸೆ ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಂದಳು. ಹಿತ್ತಲಿನಲ್ಲಿ ಡ್ರಮ್ಮು ನಿಂತಿತು, ಅದರೊಳಗೆ ಕಬ್ಬಿಣದ ತಗಡುಗಳು ಇಳಿದವು, ಮಾಡಿನ ಮೇಲಿನ ಸೋಲಾರಿನಿಂದ ಕರೆಂಟು ಹರಿಯಿತು. ಬಣ್ಣವೆಲ್ಲ ಗಸಿಯಾಗಿ ತಳ ಸೇರಿ, ಮೇಲೆ ತಿಳಿನೀರು ನಿಂತಿತು. ಅದನ್ನೇ ಮತ್ತೆ ತೊಟ್ಟಿಗೆ ಸುರಿಯುವುದೆಂದು ಲೆಕ್ಕ. ಬಣ್ಣದಮ್ಮ ಸಂಭ್ರಮದಿಂದ ಹಳದಿ ಅದ್ದಲು ಹೊರಟಳು. ಲಡಿ ಮೇಲೆ ಬಂದಾಗ ಕೆಸರಿನ ಬಣ್ಣವಾಗಿತ್ತು.

ವಿದ್ಯಾರ್ಥಿಗಳು ತಲೆ ತಗ್ಗಿಸಿಕೊಂಡು ಹೊರಟರು. ಸೊಸೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅಳುತ್ತಿದ್ದಳು. ಬಣ್ಣದಮ್ಮ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

"ಸುಮ್ನಿರೇ ಹುಚ್ಚಿ. ನಾನು ಈ ಕೆಲಸ ಕಲಿಯುವಾಗ ನಿಮ್ಮಾವನ ಬಿಳಿ ಅಂಗಿಗಳನ್ನೆಲ್ಲ ಗುಲಾಬಿ ಮಾಡಿಬಿಟ್ಟಿದ್ದೆ. ಪಾಪ, ಆ ಮನುಷ್ಯ ಉಸಿರೆತ್ತದೆ ವರ್ಷವೆಲ್ಲ ಹಾಕ್ಕೊಂಡು ಓಡಾಡಿದ್ರು."

ಅಳುತ್ತಿದ್ದವಳಿಗೆ ಫಕ್ಕನೆ ನಗು ಬಂತು.

ಮರುದಿನ ಬಣ್ಣದಮ್ಮ ಕೆಟ್ಟ ಲಡಿಯನ್ನು ಚೀಲಕ್ಕೆ ತುರುಕಿಕೊಂಡು ಸೊಸೆಯ ಜೊತೆ ಕಾಲೇಜಿಗೇ ಹೋದಳು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಬೆಚ್ಚಿ ಎದ್ದು ನಿಂತರು.

"ಕೂತ್ಕೊಳ್ರಪ್ಪಾ, ಜಗಳಕ್ಕೆ ಬಂದಿಲ್ಲ. ನನ್ನ ಹಳದಿಗೆ ಏನಾಯ್ತು ಅಂತ ನಂಗೂ ತಿಳಿಯೋ ಹಾಗೆ ಹೇಳಿ."

ಒಬ್ಬ ಹುಡುಗಿ ತಿಳಿನೀರಿಗೆ ಒಂದು ಔಷಧಿಯ ಹನಿ ಬಿಟ್ಟಳು. ನೀರು ರಕ್ತದಂತೆ ಕೆಂಪಾಯಿತು; ಕಬ್ಬಿಣವಿದ್ದರೆ ಹಾಗಾಗುತ್ತದಂತೆ. ತಗಡಿನ ಕಬ್ಬಿಣ ಕಣ್ಣಿಗೆ ಕಾಣದಂತೆ ನೀರಲ್ಲೇ ಉಳಿದಿತ್ತು, ಹಳದಿಯನ್ನು ಕೆಡಿಸಿದ್ದು ಅದೇ.

"ಸಿಕ್ಕಿಬಿದ್ದ ಕಳ್ಳ!" ಎಂದು ಬಣ್ಣದಮ್ಮ ಮೇಜು ಕುಟ್ಟಿದಳು.

ಕಳ್ಳನನ್ನು ಓಡಿಸಲು ನೀರಿಗೆ ಗಾಳಿ ಊದಿ, ಮರಳಿನಲ್ಲಿ ಸೋಸಬೇಕಾಯಿತು. ಒಂದು ಸಲಕ್ಕೆ ಆಗಲಿಲ್ಲ. ಅದು ಸರಿಹೋಗುವವರೆಗೆ ಆ ನೀರಿನಲ್ಲಿ ಕಪ್ಪು, ಕಂದು ಮಾತ್ರ ಅದ್ದಿದರು. ಔಷಧಿಯ ಹನಿ ಬಿಟ್ಟು ನೋಡುವ ಕೆಲಸವನ್ನು ಬಣ್ಣದಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ. ನೀರು ಕೆಂಪಾಗದ ದಿನ ಹಳದಿ ಅದ್ದಿದಳು. ಲಡಿ ಹೊಳೆಯುತ್ತ ಮೇಲೆದ್ದಿತು. ಸೊಸೆ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡುತ್ತಲೇ ನಿಂತಳು.

ಸುದ್ದಿ ಹಬ್ಬಿತು. ಮೊದಲು ಮೂಗು ಮುರಿದವರೇ ಹಿತ್ತಲಿಗೆ ಬಂದು ಇಣುಕಿದರು. ಬೀದಿಯ ತುದಿಯಲ್ಲಿ ಎಲ್ಲ ಬಣ್ಣದ ಮನೆಗಳಿಗೂ ಸೇರಿ ಕಾಲೇಜಿನವರು ನೀರು ತಿಳಿ ಮಾಡುವ ಒಂದು ದೊಡ್ಡ ಘಟಕ ಕಟ್ಟಿದರು. ಹಳ್ಳದ ತಳದ ಕಲ್ಲು ಕಾಣತೊಡಗಿತು, ತರಕಾರಿಯವರು ಮತ್ತೆ ನೀರು ಹಾಯಿಸಿದರು. ಸುತ್ತಲ ಊರಿನ ಬಣ್ಣದವರಿಗೆಂದು ಸಂಜೆಯ ತರಗತಿಯೂ ಶುರುವಾಯಿತು. ಪಾಠ ಹೇಳುವವಳು ಸೊಸೆ, ಮೊದಲು ಹೆಸರು ಬರೆಸಿದವಳು ಬಣ್ಣದಮ್ಮ.

ಪಕ್ಕದವಳ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದಾಗ ಒಂದು ದಿನ ಸಿಕ್ಕಿಬಿದ್ದಳು.

"ಅತ್ತೆ, ಕ್ಲಾಸಲ್ಲಿ ಮಾತಾಡಬಾರದು."

ಬಣ್ಣದಮ್ಮ ಎದ್ದು ನಿಂತು ಎಲ್ಲರ ಕಡೆ ತಿರುಗಿದಳು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ನಂಗೆ ಯಾವ ಕಾಲವೂ ಸಿಗಲಿಲ್ಲ ನೋಡಿ! ಆಗ ನಮ್ಮತ್ತೆ ಬೈದ್ರು, ಈಗ ಸೊಸೆ ಬೈತಾಳೆ."

ತರಗತಿ ಗೊಳ್ಳೆಂದಿತು. ಸೊಸೆ ಸರಕ್ಕನೆ ಬೋರ್ಡಿನ ಕಡೆ ತಿರುಗಿದಳು. ಆದರೆ ನಗುವಿಗೆ ಕುಲುಕುತ್ತಿದ್ದ ಅವಳ ಬೆನ್ನು ಎಲ್ಲರಿಗೂ ಕಾಣುತ್ತಿತ್ತು.