ಭಾವನ ಜಾಕು, ಅಕ್ಕನ ಕೈ

ನಮ್ಮ ಭಾವ ಹಲ್ಲಿನ ಸೆಟ್ಟು ಮಾಡುವವರು. ಊರಿನ ಅರ್ಧ ಮುದುಕರು ನಗುವುದು ಅವರ ಕೈಕೆಲಸದಿಂದ. ಅವರು ಮಾತ್ರ ನಗುವುದು ಅಪರೂಪ. ಹುಟ್ಟಾ ಪುಕ್ಕಲು. ಬೀಗ ಹಾಕಿ, ಜಗ್ಗಿ ನೋಡಿ, ರಸ್ತೆಯ ತಿರುವಿನವರೆಗೆ ಹೋಗಿ, ಮತ್ತೆ ವಾಪಸು ಬಂದು ಜಗ್ಗುವ ಪೈಕಿ. ಸೆಟ್ಟು ತಯಾರಾದ ಮೇಲೆ ಅದನ್ನು ಪ್ಲಾಸ್ಟರಿನ ಅಚ್ಚಿನ ಮೇಲಿಟ್ಟು, ಒಂದೇ ಬೆರಳಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಒತ್ತಿ, ಕಿವಿ ಹತ್ತಿರ ತಂದು ‘ಟಕ್’ ಅನ್ನುತ್ತದೋ ಎಂದು ಕೇಳುತ್ತಾರೆ. ಟಕ್ ಅಂದರೆ ಮುಗಿಯಿತು. “ಅಲ್ಲಾಡ್ತಿದೆ” ಎಂದು ಮತ್ತೆ ಅರ ಹಿಡಿದು ಉಜ್ಜಲು ಕೂರುತ್ತಾರೆ. ಈ ಬೆರಳಿನ ಪರೀಕ್ಷೆಯಿಂದ ಕುರ್ಚಿ, ಏಣಿ, ನಾನೇ ಮೊಳೆ ಹೊಡೆದು ಕಟ್ಟಿದ ಪುಸ್ತಕದ ಕಪಾಟು ಯಾವುದೂ ಪಾರಾಗಿಲ್ಲ. ಕಪಾಟು ಫೇಲಾಯಿತು. ಪುಸ್ತಕಗಳನ್ನು ಈಗ ನೆಲದ ಮೇಲೆ ಪೇರಿಸಿದ್ದೇನೆ.

ಇಂಥವರ ಪಾಲಿಗೆ ಬಂದದ್ದು ಎಮ್ಮೆಯಷ್ಟು ಭಾರದ ಒಂದು ಹಳೇ ಮೋಟಾರ್‌ಸೈಕಲ್ಲು. ಅದರ ನಡುವಿನ ಸ್ಟ್ಯಾಂಡು ತುಕ್ಕು ಹಿಡಿದು ಯಾವ ಕಾಲದಲ್ಲೋ ಉದುರಿಹೋಗಿತ್ತು; ಉಳಿದದ್ದು ಪಕ್ಕದ ಸ್ಟ್ಯಾಂಡ್ ಒಂದೇ. ಮೆಕ್ಯಾನಿಕ್ಕಿನ ಕೈಗೆ ಕೊಡಲು ಭಾವನಿಗೆ ಭಯ. ಹಾಗಾಗಿ ಚೈನಿಗೆ ಎಣ್ಣೆ ಬಿಡುವುದು, ಹಿಂದಿನ ಚಕ್ರ ಬಿಚ್ಚುವುದು ಎಲ್ಲಾ ಮನೆಯಂಗಳದಲ್ಲೇ. ಆ ಮನೆಯ ಜಾಕು ಎಂದರೆ ನಮ್ಮಕ್ಕ. ಅವಳು ಹ್ಯಾಂಡಲ್ಲೂ ಸೀಟೂ ಹಿಡಿದು ಗಾಡಿಯನ್ನು ಪಕ್ಕದ ಸ್ಟ್ಯಾಂಡಿನ ಮೇಲೆ ತನ್ನ ಕಡೆಗೆ ವಾಲಿಸಿಕೊಳ್ಳುವಳು. ಹಿಂದಿನ ಚಕ್ರ ನೆಲ ಬಿಟ್ಟ ಕೂಡಲೇ ಭಾವ ಎಂಜಿನ್ನಿನ ಕೆಳಗೆ ಮರದ ದಿಮ್ಮಿ ತೂರಿಸುವರು.

“ಆಯ್ತೇನ್ರೀ? ನಾನೇನು ಕಂಬಾನಾ?” ಎಂದು ಅಕ್ಕ ಬೈಯುವಳು. ಬೈಗುಳದಲ್ಲೇ ಹೆಮ್ಮೆ. ಒಮ್ಮೆ ಅವಳ ಬದಲು ನಾನು ಹಿಡಿಯಲು ಹೋಗಿ, ಗಾಡಿಯ ಸಮೇತ ಹೂಕುಂಡದ ಮೇಲೆ ಮಲಗಿದ ಮೇಲಂತೂ ಆ ಹೆಮ್ಮೆಯನ್ನು ಹಿಡಿಯುವವರೇ ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಭಾವ ನಮ್ಮ ಮನೆಗೆ ಬಂದರು.

“ಒಂದು ಜಾಕ್ ತಗೋಬೇಕು. ಜೊತೆಗೆ ಬಾ.”

“ಯಾಕೆ ಭಾವ, ಅಕ್ಕ ರಾಜೀನಾಮೆ ಕೊಟ್ಟಳಾ?”

ಅವರು ನಗಲಿಲ್ಲ. ಅದೇನೂ ಹೊಸದಲ್ಲ. ಆದರೆ ನಮ್ಮ ಕುರ್ಚಿಯನ್ನು ಅಲ್ಲಾಡಿಸಿ ನೋಡದೆ ಹಾಗೇ ಕೂತುಬಿಟ್ಟರು. ಅದು ಹೊಸದು.

“ಅವಳ ಬಲಗೈ ಅಲ್ಲಾಡ್ತಿದೆ ಕಣೋ.”

“ಚಳಿಗಿರಬೇಕು ಬಿಡಿ.”

“ಯಾವ ಚಳಿ? ನೀನೇ ಬೆವರು ಒರೆಸ್ಕೋತಾ ಕೂತಿದ್ದೀಯ.” ಭಾವ ದನಿ ತಗ್ಗಿಸಿದರು. “ಹೋದ ಸಲ ದಿಮ್ಮಿ ತೂರಿಸ್ತಾ ಇದ್ದೆ. ಗಾಡಿ ಸಣ್ಣಗೆ ನಡುಗೋಕೆ ಶುರುವಾಯ್ತು. ಎಂಜಿನ್ ಆಫ್ ಆಗಿದೆ, ಇದ್ಯಾಕೆ ನಡುಗುತ್ತೆ ಅಂತ ತಲೆ ಎತ್ತಿ ನೋಡಿದೆ. ನಡುಗ್ತಿದ್ದದ್ದು ಗಾಡಿ ಅಲ್ಲ. ಅವತ್ತಿಂದ ನೋಡ್ತಾನೇ ಇದ್ದೀನಿ. ಈಗೀಗ ಚಹಾ ಲೋಟಾನ ಅರ್ಧಕ್ಕೇ ತುಂಬಿಸಿ ತರ್ತಾಳೆ.”

“ಅವಳಿಗೆ ಗೊತ್ತಾ?”

“ಗೊತ್ತಿಲ್ಲ ಅಂದ್ಕೊಂಡಿದ್ದೀನಿ. ನಾನು ಬಾಯಿಬಿಟ್ರೆ ಅದು ನಿಜ ಆಗಿಬಿಡುತ್ತೆ.”

“ಡಾಕ್ಟರಿಗೆ ತೋರಿಸಬೇಕಲ್ವಾ?”

“ಅದಕ್ಕೂ ಬಾಯಿ ಬಿಡಬೇಕಲ್ಲೋ.”

ಗಾಡಿ ವಾಲುವುದು ಅಕ್ಕನ ಕಡೆಗೆ. ಜಾರಿದರೆ ಬೀಳುವುದೂ ಅವಳ ಮೇಲೆಯೇ. ಆದರೆ ಇದ್ದಕ್ಕಿದ್ದಂತೆ ಜಾಕು ತಂದಿಟ್ಟರೆ ಯಾಕೆ ಎಂದು ಕೇಳದೆ ಬಿಡುವವಳಲ್ಲ ಅವಳು. ಆದ್ದರಿಂದ ಭಾವನಿಗೆ ಬೇಕಾಗಿದ್ದದ್ದು ಯಾರೂ ಹಿಡಿಯದೆ ನಿಲ್ಲಬೇಕಾದ, ಆದರೂ ಅಕ್ಕನಿಗೆ ಒಂದು ಕೆಲಸ ಉಳಿಸಬೇಕಾದ ಜಾಕು. ಇಂಥದ್ದನ್ನು ಯಾವ ಕಂಪನಿ ಮಾಡುತ್ತದೋ ನನಗಂತೂ ತಿಳಿಯಲಿಲ್ಲ.

ಅಂಗಡಿಯವನು ಅರಳು ಹುರಿದಂತೆ ಮಾತಾಡುವ ಮನುಷ್ಯ. ಮೊದಲು ಎರಡು ಕೊಂಬಿನ ಕಬ್ಬಿಣದ ಸ್ಟ್ಯಾಂಡೊಂದನ್ನು ಎಳೆದು ತಂದ. “ಸರ್, ತುಂಬಾ ಓಡ್ತಿರೋ ಮಾಲು. ಹಿಂದಿನ ಚಕ್ರದ ಆಚೆ ಈಚೆ ಕೊಟ್ಟು ಹಿಡಿ ಒತ್ತಿದ್ರೆ ಆಯ್ತು. ಗಾಡಿ ನೆಟ್ಟಗೆ ಹಿಡ್ಕೊಳ್ಳೋಕೆ ಒಬ್ಬರಿದ್ರೆ ಸಾಕು. ಮನೇಲಿ ಮೇಡಂ ಇದ್ದಾರಲ್ಲ?”

“ಬೇಡ,” ಎಂದರು ಭಾವ, ಅವನ ಮಾತು ಮುಗಿಯುವ ಮೊದಲೇ.

ಆಮೇಲೆ ಬಂದದ್ದು ಕಾಲಲ್ಲಿ ತುಳಿದರೆ ಏರುವ ಎಣ್ಣೆ ಜಾಕು.

“ಎಣ್ಣೆ ಸೋರಿದ್ರೆ?”

“ಸೋರಲ್ಲ ಸರ್.”

“ಸೋರಿದ್ರೆ?”

“ನಿಧಾನಕ್ಕೆ ಕೆಳಗಿಳಿಯುತ್ತೆ.”

“ಎಷ್ಟು ನಿಧಾನ?”

ಅಂಗಡಿಯವನು ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ.

ಕೊನೆಗೆ ಬಂತು ಕತ್ತರಿ ಜಾಕು. ಸ್ಕ್ರೂ ತಿರುಗಿಸಿದಂತೆಲ್ಲ ಕತ್ತರಿಯ ಹಾಗೆ ಬಿಚ್ಚಿಕೊಂಡು ಏರುವಂಥದ್ದು, ತಿರುಗಿಸದೆ ಇಳಿಯುವುದಿಲ್ಲ. ಮೇಲೆ ರಬ್ಬರು ಹಾಸಿದ ಅಗಲವಾದ ತಟ್ಟೆ. ಎಂಜಿನ್ನಿನ ಕೆಳಗೆ ಜಾಕು ತಾಗಬೇಕಾದ ಎರಡು ಕೊಳವೆಗಳ ಅಂತರವನ್ನು ಭಾವ ದಾರದಲ್ಲಿ ಅಳೆದು ತಂದಿದ್ದರು. ತಟ್ಟೆಯ ಮೇಲೆ ದಾರ ಸರಿಯಾಗಿ ಕೂತಿತು. ಮಂಡಿಯೂರಿ, ಬೆರಳಿಂದ ಮೂಲೆ ಮೂಲೆ ಒತ್ತಿ, ಕಿವಿಗೊಟ್ಟರು. ಟಕ್.

“ಅಲ್ಲಾಡ್ತಿದೆ. ಇನ್ನೊಂದು ತೆಗೀರಿ.”

ಇನ್ನೊಂದು, ಮತ್ತೊಂದು. ಅಂಗಡಿಯವನು ಸೋತು ಕೇಳಿದ: “ಸರ್, ತಾವು ಏನು ಕೆಲಸ ಮಾಡೋದು?”

“ಹಲ್ಲು ಕಟ್ಟೋದು.”

ಅವನು ಗಪ್ಪನೆ ಬಾಯಿ ಮುಚ್ಚಿಕೊಂಡ.

ಸದ್ದು ಮಾಡದ ಜಾಕೊಂದು ಕೊನೆಗೂ ಸಿಕ್ಕಿತು. ಅದನ್ನು ಕಟ್ಟಿಕೊಡುತ್ತಾ ಅಂಗಡಿಯವನು ಹೇಳಿದ: “ಗಾಡಿ ಮುಂದಕ್ಕೆ ಉರುಳದ ಹಾಗೆ ಯಾರಾದ್ರೂ ಮುಂದಿನ ಬ್ರೇಕ್ ಹಿಡಿದಿರಬೇಕು ಸರ್. ಇಲ್ಲಾಂದ್ರೆ ಈ ಪಟ್ಟಿಯಿಂದ ಬಿಗಿದುಬಿಡಿ.”

“ಎರಡೂ ಮಾಡ್ತೀನಿ,” ಎಂದರು ಭಾವ. ಅವತ್ತು ಮೊದಲ ಬಾರಿ ಅವರು ಪೂರ್ತಿ ಉಸಿರೆಳೆದುಕೊಂಡದ್ದನ್ನು ಕಂಡೆ.

ಅಂಗಳದಲ್ಲಿ ಜಾಕು ಬಿಚ್ಚಿಡುತ್ತಿದ್ದಂತೆ ಅಕ್ಕ ಸೆರಗಿಗೆ ಕೈ ಒರೆಸುತ್ತಾ ಬಂದಳು. “ಇದ್ಯಾರ್ರೀ, ನನ್ನ ಸವತೀನಾ?”

“ನಿನ್ನ ಅಸಿಸ್ಟೆಂಟು,” ಎಂದೆ ನಾನು.

“ಲೋ, ನೀನು ಹೂಕುಂಡದಿಂದ ದೂರ ನಿಂತ್ಕೋ.”

ಭಾವ ಅಷ್ಟರಲ್ಲಿ ಬ್ರೇಕಿಗೆ ಪಟ್ಟಿ ಬಿಗಿದು, ಅದು ಕಾಣದಂತೆ ಮೇಲೊಂದು ಒರೆಸುವ ಬಟ್ಟೆ ಇಳಿಬಿಟ್ಟಿದ್ದರು. “ನೀನು ಬ್ರೇಕ್ ಹಿಡ್ಕೋ. ಅದೇ ಮುಖ್ಯ. ಬಟ್ಟೆ ಇರಲಿ, ಕೈ ಜಾರಲ್ಲ.”

ಅಕ್ಕ ಬಲಗೈಯಿಂದ ಹಿಡಿದಳು. ಭಾವ ಜಾಕನ್ನು ಎಂಜಿನ್ನಿನ ಕೆಳಗೆ ತೂರಿಸಿ, ನೆಲಕ್ಕೆ ಕೂತು ಅದರ ಸ್ಕ್ರೂವಿಗೆ ಸ್ಪ್ಯಾನರ್ ಕೊಟ್ಟು ತಿರುಗಿಸತೊಡಗಿದರು. ಅವರ ಕಣ್ಣು ಮಾತ್ರ ಜಾಕಿನ ಮೇಲಿರಲಿಲ್ಲ. ಗಾಡಿ ಮೆಲ್ಲಗೆ ನೆಟ್ಟಗಾಯಿತು. ಹಿಂದಿನ ಚಕ್ರ ನೆಲ ಬಿಟ್ಟಿತು. ಅಷ್ಟು ಕಬ್ಬಿಣದಲ್ಲಿ ಒಂದಿಷ್ಟೂ ಕದಲಿಕೆಯಿಲ್ಲ. ಹ್ಯಾಂಡಲಿಗೆ ಇಳಿಬಿಟ್ಟ ಬಟ್ಟೆಯ ತುದಿಯೊಂದೇ, ಗಾಳಿಯೇ ಇಲ್ಲದ ಅಂಗಳದಲ್ಲಿ, ಪಟಪಟನೆ ನಡುಗುತ್ತಿತ್ತು. ಏನಾದರೊಂದು ತಮಾಷೆ ಮಾಡಬೇಕೆಂದು ಹುಡುಕಿದೆ; ಒಂದೂ ಸಿಗಲಿಲ್ಲ.

ಭಾವ ಚಕ್ರ ತಿರುಗಿಸಿಬಿಟ್ಟರು. ಚೈನು ಕಿರ್ರೆಂದಿತು.

ಅಕ್ಕ ನಿಧಾನವಾಗಿ ಕೈ ತೆಗೆದಳು. ಗಾಡಿ ಜಗ್ಗಲಿಲ್ಲ. ಬಟ್ಟೆ ಎತ್ತಿ ಪಟ್ಟಿಯನ್ನು ನೋಡಿದಳು.

“ನಾನು ಬಿಟ್ಟೆ ಕಣ್ರೀ. ಬೀಳಲಿಲ್ಲ.”

ಭಾವ ಚಕ್ರದಿಂದ ತಲೆ ಎತ್ತಿದರು.

“ನಿಮಗೆ ಯಾವಾಗಿಂದ ಗೊತ್ತು?”

“ಹೋದ ಸಲ… ದಿಮ್ಮಿ ಇಡುವಾಗ.”

“ನನಗೆ ಅದಕ್ಕೂ ಮುಂಚಿಂದ ಗೊತ್ತು. ಹೇಳಿದ್ರೆ ನೀವು ಹೆದರಿ ಊಟ ಬಿಡ್ತೀರಿ ಅಂತ ಸುಮ್ಮನಿದ್ದೆ.” ಸೀಟಿನ ಮೇಲೆ ಗಾಳಿಯಲ್ಲಿ ಕೈ ಚಾಚಿ ಹಿಡಿದಳು. “ಈಗ ನೋಡಿ ಹೇಳಿ. ನಿಮ್ಮ ಕಸುಬೇ ಅಲ್ವಾ ಇದು?”

ಭಾವ ಎದ್ದರು. ಬೆರಳಿನ ಗ್ರೀಸನ್ನು ಅಂಗಿಗೇ ಒರೆಸಿಕೊಂಡರು. ಬೇರೆ ದಿನವಾಗಿದ್ದರೆ ಅಕ್ಕ ಅದಕ್ಕೇ ಊರು ಒಂದು ಮಾಡುತ್ತಿದ್ದಳು. ಆ ಬೆರಳನ್ನು ಅವಳ ಕೈಯ ಮೇಲೆ ಮೆಲ್ಲಗಿಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಒತ್ತಿದರು. ನನಗೆ ನೋಡಲಾಗಲಿಲ್ಲ. ಚಕ್ರ ನೋಡಿದೆ. ಅದಿನ್ನೂ ತಿರುಗುತ್ತಲೇ ಇತ್ತು.

“ಅಲ್ಲಾಡ್ತಿದೆ,” ಎಂದರು ಭಾವ.

“ಹೂಂ. ಹಾಗಾದ್ರೆ ಎಣ್ಣೆ ಬಿಟ್ಟು ಗಾಡಿ ಇಳಿಸಿ. ಇವತ್ತೇ ಡಾಕ್ಟರ ಹತ್ತಿರ ಹೋಗಿ ಬರೋಣ.”

ಭಾವ ಚೈನಿಗೆ ಎಣ್ಣೆ ಬಿಟ್ಟರು. ಅರ್ಧ ಚೈನಿಗೆ, ಅರ್ಧ ನೆಲಕ್ಕೆ. ನಾನು ಉಸಿರು ಬಿಗಿಹಿಡಿದು ಹ್ಯಾಂಡಲ್ ಹಿಡಿದೆ. ಭಾವ ಮತ್ತೆ ಕೂತು ಸ್ಪ್ಯಾನರನ್ನು ಸ್ಕ್ರೂವಿನ ತಲೆಗೆ ಕೊಡಲು ನೋಡಿದರು. ಅದು ಕೂರಲಿಲ್ಲ. ಮತ್ತೆ ಕೊಟ್ಟರು. ಕಬ್ಬಿಣಕ್ಕೆ ಕಬ್ಬಿಣ ತಾಕಿ ಟಕಟಕ ಸದ್ದಾಯಿತು.

“ಕೊಡಿ ಇಲ್ಲಿ,” ಎಂದು ಅಕ್ಕ ಪಕ್ಕದಲ್ಲಿ ಕೂತು, ಎಡಗೈ ಚಾಚಿ ಸ್ಪ್ಯಾನರ್ ಇಸಕೊಂಡಳು.