ಬದುವಿನ ಮೇಲಿನ ಮಜ್ಜಿಗೆ

ಸೊಸೆ ಕೊಟ್ಟ ಮಜ್ಜಿಗೆ ಇವತ್ತು ಹುಳಿಯಾಗಿತ್ತು. ಆ ವಾಸನೆಗೆ ಉಗರಗೋಳದ ನಮ್ಮ ಹೊಲದ ಬದು ನೆನಪಾಯಿತು.

ನಾನು ಶಾಲೆಯಲ್ಲಿದ್ದಾಗ ಓಟದ ಪಂದ್ಯಕ್ಕೆ ಮೈದಾನದ ಓಟ, ಹೊಲದ ಹಾದಿಯ ಓಟ, ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಿತ್ತು. ಶಾಲೆಯ ಮೈದಾನಕ್ಕೆ ಆಗ ಹೆಂಗಸರು ಬರುತ್ತಿರಲಿಲ್ಲ. "ಹೊಲದ ಹಾದ್ಯಾಗ ಓಡಪಾ. ಬದುವಿನ ಮ್ಯಾಲ ನಿಂತು ನಾನೂ ನೋಡತೇನಿ," ಅಂದಿದ್ದಳು ಅವ್ವ.

ಚಪ್ಪಾಳೆಯ ಆಸೆಗೆ ನಾನು ಮೈದಾನಕ್ಕೆ ಹೆಸರು ಕೊಟ್ಟೆ. ಅವ್ವನಿಗೆ ಹೇಳಲಿಲ್ಲ. ಗೆದ್ದೆ ಕೂಡ.

ಸಂಜೆ ಮನೆಗೆ ಬಂದರೆ, ಅವಳು ಬದುವಿಗೆ ಒಯ್ದಿದ್ದ ಮಜ್ಜಿಗೆಯ ತಂಬಿಗೆ ತುಂಬಿದಂತೆಯೇ ಇತ್ತು, ಬಿಸಿಲಿಗೆ ಹುಳಿ ವಾಸನೆ ಬಂದಿತ್ತು. "ಎಲ್ಲಾರೂ ಹೋದ್ರು, ನೀ ಬರಲಿಲ್ಲ. ಮುಳ್ಳ ಚುಚ್ಚಿತೇನೋ?"

ಪದಕವನ್ನು ಅಂಗಿಯೊಳಗೆ ಬಚ್ಚಿಟ್ಟು "ಹೂಂ" ಅಂದೆ. ಅವ್ವ ಸೂಜಿ ಹಿಡಿದು, ಇಲ್ಲದ ಮುಳ್ಳನ್ನು ನನ್ನ ಅಂಗಾಲಿನಲ್ಲಿ ಬಹಳ ಹೊತ್ತು ಹುಡುಕಿದಳು.

ಮರುವರ್ಷ ಹೊಲದ ಹಾದಿಯಲ್ಲೇ ಓಡಿದೆ. ಅಷ್ಟರಲ್ಲಿ ಅವ್ವ ತೀರಿಕೊಂಡಿದ್ದಳು.

ಲೋಟ ಇನ್ನೂ ಕೈಯಲ್ಲೇ ಇದೆ. ಕುಡಿಯಲು ಆಗುತ್ತಿಲ್ಲ.