ಎಣ್ಣಿ ಹೊಡೀರಿ, ಆತು

ಮುಂಡರಗಿಯಲ್ಲಿ ನಮ್ಮ ಪಕ್ಕದ ಮನೆಯವರು ಕೀಟನಾಶಕದ ಅಂಗಡಿ ಇಟ್ಟಿದ್ದರು. ನಮ್ಮ ಕಡೆ ಅದಕ್ಕೆ ಎಣ್ಣಿ ಎನ್ನುತ್ತಾರೆ. ಜಗತ್ತಿನ ಎಲ್ಲ ಸಂಕಟಕ್ಕೂ ಅವರಲ್ಲಿ ಒಂದೇ ಪರಿಹಾರವಿತ್ತು: "ಎಣ್ಣಿ ಹೊಡೀರಿ, ಆತು." ಹೇಳುವಾಗ ಬಲಗೈ ಗಾಳಿಯಲ್ಲೇ ಪಂಪು ಹೊಡೆಯುತ್ತಿತ್ತು. ಮನೆಯಲ್ಲಿ ಯಾರಾದರೂ ಸೀನಿದರೂ ಆ ಕೈ ಅಲುಗುತ್ತಿತ್ತು.

ನಾನು ಬಚ್ಚಲ ಗೋಡೆಯ ನೆರಳಲ್ಲಿ, ಎಲೆಗೊಬ್ಬರ ತುಂಬಿದ ಕುಂಡದಲ್ಲಿ ಒಂದು ಜರಿಗಿಡ ಬೆಳೆಸಿದ್ದೆ. ಚಳಿಗಾಲಕ್ಕೆ ಎಲೆಯೆಲ್ಲ ಒಣಗಿಸಿಕೊಂಡು ಮಲಗುವ ಜಾತಿ ಅದು. ಮಣ್ಣಿನ ತೇವ ಆರದಂತೆ ನೋಡಿಕೊಂಡರೆ ಮಳೆಗೆ ತಾನೇ ಏಳುತ್ತದೆ. ಮೊದಲ ಮಳೆಗೆ ಎದ್ದಿತು ಕೂಡ. ಜರಿಯ ಕುಡಿ ಹುಟ್ಟುವುದೇ ಸುರುಳಿಯಾಗಿ, ಬಿಚ್ಚಿಕೊಳ್ಳುವುದು ಆಮೇಲೆ.

ಹಿತ್ತಲಿಗೆ ಬಂದ ಅಂಗಡಿಯವರು ಸುರುಳಿ ಕಂಡು ಹೌಹಾರಿದರು. ಮೆಣಸಿನ ಗಿಡದ ಎಲೆ ಸುರುಟಿದರೆ ನಮ್ಮ ರೈತರು ಹೌಹಾರುವುದೂ ಹೀಗೆಯೇ.

"ಅಯ್ಯಯ್ಯ, ಮುಟುರು ರೋಗ ಬಂದೈತ್ರಿ!"

"ಅದು ಹುಟ್ಟೋದ ಹಂಗ್ರಿ," ಎಂದೆ.

"ಹಂಗಾರ ಹುಟ್ಟಾ ರೋಗ. ಎಣ್ಣಿ ಹೊಡೀರಿ, ಆತು."

ಮರುದಿನ ನಾನು ಗದಗಿಗೆ ಹೋದಾಗ ಅವರೇ ಪುಕ್ಕಟೆಯಾಗಿ ಹೊಡೆದು ಉಪಕಾರ ಮಾಡಿದರು. ಸಂಜೆ ಬಂದು ನೋಡಿದರೆ ಸುರುಳಿಯೂ ಇಲ್ಲ, ರೋಗವೂ ಇಲ್ಲ. ಕುಂಡವೊಂದೇ ಆರೋಗ್ಯವಾಗಿತ್ತು.

ಮೇಲಿನ ಮಣ್ಣು ಬದಲಿಸಿ, ನೀರು ಹಾಕುತ್ತ ಕಾದೆ. ಶ್ರಾವಣದಲ್ಲಿ ಬುಡದಿಂದ ಹೊಸ ಸುರುಳಿಗಳು ಎದ್ದವು. ಅವರು ಬಗ್ಗಿ ನೋಡಿ ಕಣ್ಣರಳಿಸಿದರು.

"ನೋಡ್ರಿ, ನನ್ನ ಎಣ್ಣಿಗೆ ಸತ್ತದ್ದೂ ಚಿಗತೈತಿ! ರೋಗ ಒಂದ ಹೋಗವಲ್ದು. ತಡೀರಿ, ಪಂಪ್ ತರ್ತೀನಿ."